ಪೆಟ್ಟಿಗೆಗೆ ಒಂದು ತೊಟ್ಟು ಎಣ್ಣೆ

ಬಿಚ್ಚಿ ನೋಡಿದರೆ ಅರ್ಥವಾಗದ ವಸ್ತು ಈ ಜಗತ್ತಿನಲ್ಲೇ ಇಲ್ಲ ಎಂಬುದು ನಮ್ಮ ಬೀದಿಯ ಗಡಿಯಾರ ರಿಪೇರಿಯವರ ಮೂವತ್ತು ವರ್ಷದ ಸಿದ್ಧಾಂತ. ಇನ್ನು ಇಂಟರ್ನೆಟ್ ಯಾವ ಲೆಕ್ಕ? ಅಂದು ಅಂಗಡಿಗೆ ರಜೆ. ಹೆಂಡತಿಗೆ ಹನ್ನೊಂದು ಗಂಟೆಗೆ ಇಂಟರ್ನೆಟ್ ಕಂಪನಿಯ ಸಹಾಯವಾಣಿ ಕೆಲಸಕ್ಕೆ ವಿಡಿಯೋ ಸಂದರ್ಶನ. ಹನ್ನೆರಡು ವರ್ಷ ಮನೆಯಲ್ಲೇ ಕಳೆದವಳಿಗೆ ಸಿಕ್ಕಿದ ಮೊದಲ ಕರೆ.

“ಇಂಟರ್ನೆಟ್ ಹೇಗೆ ಬರುತ್ತೆ ಅಂತ ಕೇಳಿದ್ರೆ ಏನ್ ಹೇಳ್ತೀಯ?” ಎಂದರು.

“ಓದ್ಕೊಂಡಿದ್ದೀನಿ. ಕಳಿಸೋದನ್ನ ಚೂರು ಚೂರು ಮಾಡಿ, ಒಂದೊಂದನ್ನ ಒಂದೊಂದು ದಾರೀಲಿ ಕಳಿಸಿ, ಆ ತುದೀಲಿ ಜೋಡಿಸುತ್ತೆ.”

“ಬಿಚ್ಚೋದು, ಜೋಡಿಸೋದು! ಅದು ನನ್ನ ಕಸುಬೇ ಅಲ್ವೇನೇ? ಇರು, ಕಣ್ಣಾರೆ ತೋರಿಸ್ತೀನಿ.”

“ದಮ್ಮಯ್ಯ, ಆ ವೈಫೈ ಪೆಟ್ಟಿಗೆ ಮಾತ್ರ ಮುಟ್ಬೇಡಿ.”

ಅವಳು ತಲೆ ಬಾಚಲು ಒಳಗೆ ಹೋದದ್ದೇ ತಡ, ಮೇಜಿಗೆ ಬಿಳಿ ಬಟ್ಟೆ ಹಾಸಿಯಾಯಿತು, ಒಂದು ಕಣ್ಣಿಗೆ ಭೂತಗನ್ನಡಿ ಏರಿತು, ಗೋಡೆಯ ಮೇಲಿದ್ದ ವೈಫೈ ಪೆಟ್ಟಿಗೆ ಅಂಗಾತ ಮಲಗಿತು. ಮುಚ್ಚಳ ತೆಗೆದರೆ ಒಳಗೆ ಒಂದು ಚಕ್ರವಿಲ್ಲ, ಒಂದು ಸ್ಪ್ರಿಂಗ್ ಇಲ್ಲ, ತಿರುಗುವಂಥದ್ದು ಏನೂ ಇಲ್ಲ. ಪಾಪ, ಎಲ್ಲ ಹಿಡಿದುಕೊಂಡುಬಿಟ್ಟಿದೆ ಎಂದು ಅವರಿಗೆ ಮರುಕ ಹುಟ್ಟಿತು. ಗಡಿಯಾರದ ಎಣ್ಣೆ ಒಂದು ತೊಟ್ಟು ಬಿಟ್ಟರು. ಸಾಲದೆಂದು ಇನ್ನೂ ಮೂರು ಬಿಟ್ಟರು.

ಹತ್ತೂಮುಕ್ಕಾಲಿಗೆ ಜೋಡಿಸಿ ಸ್ವಿಚ್ ಒತ್ತಿದರೆ ಐದು ದೀಪದಲ್ಲಿ ಒಂದೂ ಹತ್ತಲಿಲ್ಲ. ಬಟ್ಟೆಯ ಮೇಲೆ ಎರಡು ತಿರುಪು, ಹೆಸರೇ ಗೊತ್ತಿಲ್ಲದ ಒಂದು ತುಂಡು ಉಳಿದಿದ್ದವು.

ಹೆಂಡತಿ ಬಂದು ನೋಡಿದಳು. ಕಣ್ಣಲ್ಲಿ ನೀರು ತುಂಬಿತು, ದನಿ ಮಾತ್ರ ಏರಲಿಲ್ಲ.

“ಇಂಟರ್ನೆಟ್‌ನಲ್ಲಿ ಚೂರುಗಳಿಗೆ ನಂಬರ್ ಇರುತ್ತೆ ರೀ. ಅದಕ್ಕೇ ಜೋಡಿಸೋಕೆ ಆಗೋದು.”

ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ನರ್ಸಮ್ಮನ ಬಾಗಿಲು ತಟ್ಟಿದಳು.

ಇವರೇನು ಛಲ ಬಿಡುವ ಆಸಾಮಿಯೇ? ಬಿಚ್ಚಿದರು, ಎಣ್ಣೆ ಒರೆಸಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಪೆಟ್ಟಿಗೆ ಕಮಕ್ ಕಿಮಕ್ ಎನ್ನಲಿಲ್ಲ. ಈ ಕೆಲಸ ಕೈತಪ್ಪಿದರೆ ಅವಳಿಗೆ ಮುಖ ತೋರಿಸುವುದು ಹೇಗೆಂದು ನಿಮಿಷಕ್ಕೊಮ್ಮೆ ಗಡಿಯಾರ ನೋಡತೊಡಗಿದರು.

ಹನ್ನೆರಡಕ್ಕೆ ಅವಳು ಬಂದಳು.

“ಏನಾಯ್ತೇ?”

“ಸೋಮವಾರದಿಂದ ಬನ್ನಿ ಅಂದ್ರು.”

ಹೋದ ಜೀವ ಬಂತು. ಜೀವದ ಹಿಂದೆಯೇ ಜಂಬವೂ ಬಂತು.

“ನೋಡ್ದಾ! ಇಂಟರ್ನೆಟ್ ಹೇಗೆ ಬರುತ್ತೆ ಅಂತ ಕೇಳಿದ್ರು ತಾನೇ?”

“ಇಲ್ಲ. ಹೇಗೆ ಹೋಗುತ್ತೆ ಅಂತ ಕೇಳಿದ್ರು. ಗಿರಾಕಿ ಫೋನ್ ಮಾಡಿ, ಬೆಳಿಗ್ಗೆ ಚೆನ್ನಾಗಿದ್ದ ಇಂಟರ್ನೆಟ್ ಇದ್ದಕ್ಕಿದ್ದ ಹಾಗೆ ಹೋಯ್ತು ಅಂದ್ರೆ ನೀವು ಮೊದಲು ಏನ್ ವಿಚಾರಿಸ್ತೀರಿ ಅಂತ.”

“ನೀನೇನಂದೆ?”

“ಯಜಮಾನ್ರು ಮನೇಲಿದ್ದಾರಾ ಅಂತ ವಿಚಾರಿಸ್ತೀನಿ ಅಂದೆ. ಇನ್ನೊಂದು ಪ್ರಶ್ನೆ ಕೇಳ್ಲಿಲ್ಲ ರೀ.”