ಮೂರು ಟ್ರೇ, ಮೂರು ಕಾಲ

“ಅಮ್ಮಾ, ತಾತ ಸತ್ತುಹೋದವರ ಪಾತ್ರೇನ ಅಷ್ಟು ಚೆನ್ನಾಗಿ ತೊಳೀತಾರಲ್ಲ, ಬದುಕಿರೋ ನಮ್ಮ ಪಾತ್ರೆ ಯಾಕೆ ಒಂದ್ಸಲಾನೂ ತೊಳೆಯಲ್ಲ?”

ಪುಟ್ಟಿ ಈ ಪ್ರಶ್ನೆ ಕೇಳಿದ್ದು ಅಡುಗೆಮನೆಯ ಹಿಂಬಾಗಿಲಲ್ಲಿ, ಒಂದು ಕಾಲು ಒಳಗೂ ಒಂದು ಕಾಲು ಹೊರಗೂ ಇಟ್ಟುಕೊಂಡು. ಒಳಗೆ ಅವಳ ಅಮ್ಮ ತಳ ಹಿಡಿದ ಹಾಲಿನ ಪಾತ್ರೆಯೊಡನೆ ಮಲ್ಲಯುದ್ಧ ನಡೆಸಿದ್ದಳು. ಹೊರಗೆ ಮೆಟ್ಟಿಲ ಮೇಲೆ ಅವಳ ತಾತ, ತೊಡೆಯ ಮೇಲೆ ಟವೆಲ್ ಹಾಸಿಕೊಂಡು, ಅಂಗೈಯಗಲದ ಮಡಕೆ ಚೂರೊಂದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜುತ್ತಿದ್ದರು. ಚೂರಿಗೆ ಆಗಷ್ಟೇ ಹಾಲುಹಲ್ಲು ಮೂಡುತ್ತಿದೆಯೇನೋ ಎಂಬಷ್ಟು ಮೆಲ್ಲಗೆ.

“ಸತ್ತವರು ದಿನಾ ಎಂಜಲು ಮಾಡಲ್ಲ ಪುಟ್ಟಿ. ಒಂದ್ಸಲ ತೊಳೆದರೆ ಮುಗೀತು. ಅದಕ್ಕೇ ತಾತಂಗೆ ಅವರ ಮೇಲೆ ಅಷ್ಟು ಪ್ರೀತಿ.”

“ಕೇಳಿಸ್ತು,” ಎಂದಿತು ಮೆಟ್ಟಿಲು.

“ಕೇಳಿಸಲಿ ಅಂತಲೇ ಹೇಳಿದ್ದು, ಮಾವ.”

ಪುಟ್ಟಿಯ ತಾತ, ಅಂದರೆ ಈ ಸೊಸೆಯ ಮಾವ, ಕೆಲಸದಲ್ಲಿದ್ದಷ್ಟು ಕಾಲ ನೀರಿನ ಮೀಟರು ಓದುತ್ತಿದ್ದವರು. ಊರಿನ ಅಷ್ಟೂ ಮನೆಗಳ ಮುಂದಿನ ಗುಂಡಿಗಳಿಗೆ ಬಗ್ಗಿ ನೋಡಿದ ಮನುಷ್ಯ. ನಿವೃತ್ತರಾದ ಮೇಲೆ ಬಗ್ಗಿ ನೋಡಲು ಗುಂಡಿಗಳಿರಲಿಲ್ಲ. ಅತ್ತೆ ತೀರಿಕೊಂಡ ಮೇಲಂತೂ ತಲೆಯೆತ್ತಿ ನೋಡಲೂ ಏನೂ ಉಳಿಯಲಿಲ್ಲ. ಮುಂದಿನ ಕೋಣೆಯ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದರು. ಊಟಕ್ಕೆ ಕರೆದರೆ “ಹೂಂ”, ಬಡಿಸಿದರೆ “ಸಾಕು”. ದಿನವಿಡೀ ಅವರ ಬಾಯಿಂದ ಬರುತ್ತಿದ್ದುದು ಈ ಎರಡೇ ಮಾತು.

ಅವರನ್ನು ಆ ಕುರ್ಚಿಯಿಂದ ಎಬ್ಬಿಸಿದ್ದು ಒಂದು ದವಡೆಹಲ್ಲು. ಹಲ್ಲು ಕೀಳಿಸಿಕೊಳ್ಳಲು ಹೋದಲ್ಲಿ, ಪ್ರಾಂತೀಯ ಪುರಾತತ್ವ ಸಂಘದ ಊರಿನ ಶಾಖೆಗೆ ಅಧ್ಯಕ್ಷರಾಗಿದ್ದ ಹಲ್ಲಿನ ಡಾಕ್ಟರು, “ನಮ್ಮ ಸಂಘಕ್ಕೆ ಸೇರ್ತೀರಾ?” ಎಂದು ಕೇಳಿದರು. ಬಾಯೊಳಗೆ ಇಕ್ಕಳ ಇರುವಾಗ ಬೇಡ ಎನ್ನುವುದು ಹೇಗೆ? ಮಾವ “ಆ...” ಎಂದರು. ಡಾಕ್ಟರು ಅದನ್ನೇ ಒಪ್ಪಿಗೆ ಎಂದುಕೊಂಡರು. (ಶಾಖೆಯ ಬಹುಪಾಲು ಸದಸ್ಯರು ಡಾಕ್ಟರ ಕುರ್ಚಿಯಲ್ಲೇ ಸೇರಿದವರು.) ಮುಂದಿನ ವರ್ಷವೇ ಮಾವ ಕಾರ್ಯದರ್ಶಿಯಾದರು. ಕಾರ್ಯದರ್ಶಿಯ ಮನೆಯೇ ಶಾಖೆಯ ಕಚೇರಿ ಎಂಬ ನಿಯಮವೊಂದು ಆಮೇಲೆ ಹೊರಬಿತ್ತು.

ಅಂದಿನಿಂದ ಸೊಸೆಯ ಸಂಸಾರಕ್ಕೆ ಉತ್ಖನನ ಶುರುವಾಯಿತು. ಹಿಟ್ಟಿನ ಜರಡಿ, ಶಾಖೆಯವರು ಅಗೆಯುತ್ತಿದ್ದ ಇಟ್ಟಿಗೆಗೂಡಿನ ಹಿಂದಿನ ದಿಬ್ಬಕ್ಕೆ ಹೋಗಿ ಮಣ್ಣು ಜರಡಿಯಾಗಿ ವಾಪಸು ಬಂತು. ಪುಟ್ಟಿಯ ಬಣ್ಣ ಹಚ್ಚುವ ಕುಂಚಗಳು ಹೋದವು. ಕೊನೆಗೆ ನೆಂಟರಿಗೆ ಚಹಾ ಕೊಡಲೆಂದು ಅವಳು ಆಸೆಪಟ್ಟು ಕೊಂಡಿದ್ದ ಮೂರು ಸ್ಟೀಲ್ ಟ್ರೇಗಳೂ ಹೋದವು.

“ರೀ, ನಿಮ್ಮಪ್ಪಂಗೆ ಒಂದು ಮಾತು ಹೇಳಿ. ಇದು ಮನೇನೋ ಮ್ಯೂಸಿಯಮ್ಮೋ?”

“ನಾನೇನು ಹೇಳಲಿ? ಮನೇಲಿ ನಾನೂ ಪ್ರದರ್ಶನಕ್ಕಿಟ್ಟ ವಸ್ತುವೇ,” ಎಂದು ಅವಳ ಗಂಡ ಪತ್ರಿಕೆಯ ಹಿಂದೆ ಭೂಗತನಾದ.

ಆದರೂ ಅವಳು ಬಾಯಿಬಿಟ್ಟು ಹೇಳದ ಮಾತೊಂದಿತ್ತು. ಮಾವ ಈಗ ಇನ್ನೊಂದು ಚಪಾತಿ ಕೇಳುತ್ತಿದ್ದರು. ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, “ನೋಡು ಮರಿ, ಮೇಲಿನ ಮಣ್ಣಲ್ಲಿ ಸಿಕ್ಕಿದ್ದು ಮೊಮ್ಮಕ್ಕಳ ಕಾಲದ್ದು. ನಡುವೆ ಸಿಕ್ಕಿದ್ದು ಅಪ್ಪಂದಿರದ್ದು. ತಳದಲ್ಲಿ ಸಿಕ್ಕಿದ್ದು ತಾತಂದಿರದ್ದು. ಯಾರದ್ದು ಯಾರ ಜೊತೆಗೂ ಬೆರೀಬಾರದು,” ಎಂದು ಪಾಠ ಹೇಳುತ್ತಿದ್ದರು. ಮೂರು ಪದರಕ್ಕೆ ಮೂರು ಟ್ರೇ, ಪ್ರತಿಯೊಂದರಲ್ಲಿ ಒಂದೊಂದು ಚೀಟಿ. ತೊಳೆದ ಚೂರು ಪೂರ್ತಿ ಒಣಗಿದ ಮೇಲೆಯೇ ಅದರ ಬೆನ್ನ ಮೇಲೆ ಮಸಿಯಿಂದ ಸಂಖ್ಯೆ ಬರೆಯಬೇಕು. ಅಲ್ಲಿಯವರೆಗೆ ಆ ಬಡಪಾಯಿಗೆ ಟ್ರೇಯೇ ಊರು, ಟ್ರೇಯೇ ವಿಳಾಸ.

ಈ ಸಂಗತಿ ಪುಟ್ಟಿಗೆ ಬಾಯಿಪಾಠವಾಗಿತ್ತು. ಅವಳ ಅಮ್ಮನಿಗೆ ಮಾತ್ರ, ಪಾಠದ ಹೊತ್ತಿಗೆಲ್ಲ ಕುಕ್ಕರ್ ಕೂಗುತ್ತಿತ್ತು.

ಹೀಗಿರುವಾಗ ಪ್ರಾಂತೀಯ ಸಂಘದಿಂದ ಸುದ್ದಿ ಬಂತು. ಕೆಲಸ ತೋರಿಸದ ಸಣ್ಣ ಶಾಖೆಗಳನ್ನು ಮುಚ್ಚಿ ಪಕ್ಕದೂರಿನ ದೊಡ್ಡ ಶಾಖೆಗೆ ಸೇರಿಸುತ್ತಾರಂತೆ. ಭಾನುವಾರ ಸಂಘದ ಮೇಡಂ ಒಬ್ಬರು ಬಂದು ಚೂರುಗಳನ್ನು ನೋಡಿ ತೀರ್ಮಾನಿಸುತ್ತಾರಂತೆ. ಶಾಖೆ ಹೋದರೆ ದಿಬ್ಬವೂ ಹೋಗುತ್ತದೆ. ಪಕ್ಕದೂರಿನ ಗಟ್ಟಿಮುಟ್ಟಾದ ಹುಡುಗರು ಬಂದು ಅಗೆಯುತ್ತಾರೆ. ಮಾವನಿಗೆ ಸಿಗುವುದು ನೋಡುವವರ ಸಾಲಿನಲ್ಲೊಂದು ಕುರ್ಚಿ.

ಮತ್ತೆ ಕುರ್ಚಿ! “ಬರಲಿ ಮಾವ ಆ ಮೇಡಂ. ನಮ್ಮ ಮನೆ ನೋಡಿ ಮೂಗಿನ ಮೇಲೆ ಬೆರಳಿಡಬೇಕು, ಹಾಗೆ ಮಾಡ್ತೀನಿ,” ಎಂದು ಸೊಸೆ ಶಪಥ ಮಾಡಿದಳು.

ಮಾಡಿಯೂ ಬಿಟ್ಟಳು.

ಭಾನುವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೇಡಂ ಅವರನ್ನು ಕರೆತರಲು ಡಾಕ್ಟರ ಜೊತೆ ಬಸ್ ನಿಲ್ದಾಣಕ್ಕೆ ಹೊರಟರು. ಇತ್ತ ಸೊಸೆ ಸೆರಗು ಬಿಗಿದಳು. ನೆಲ ಒರೆಸಿದಳು, ಪರದೆ ಬದಲಿಸಿದಳು. ಚಹಾ ಲೋಟ ಎಣಿಸಿಟ್ಟು, ಬಿಸ್ಕತ್ತು ಜೋಡಿಸಬೇಕು ಎನ್ನುವಾಗ ನೆನಪಾಯಿತು. ಟ್ರೇ ಎಲ್ಲಿ? ಟ್ರೇಗಳು ಕಿಟಕಿಯ ಬಳಿ, ಮೈತುಂಬ ಒಡೆದ ಮಡಕೆಯ ಬೋಕಿ ಚೂರು ಹೊತ್ತುಕೊಂಡು ಬಿಸಿಲು ಕಾಯಿಸುತ್ತಿದ್ದವು.

ದೊಡ್ಡ ಸಂಘದ ಮೇಡಂಗೆ ಲೋಟವನ್ನು ಕೈಯಲ್ಲೇ ಹಿಡಿದು ಕೊಡುವುದೇ? ಸಾಧ್ಯವೇ ಇಲ್ಲ. ಅವಳು ಮೇಜಿನ ಮೇಲೆ ಇರುವುದರಲ್ಲೇ ಒಳ್ಳೆಯ ಬಿಳಿ ಹಾಸು ಹಾಸಿದಳು. ಮೂರೂ ಟ್ರೇಗಳನ್ನು ಅದರ ಮೇಲೆ ಸುರಿದಳು. ಸುರಿದು ಹಾಗೇ ಬಿಡುವ ಸೋಮಾರಿಯೇ ಅವಳು? ಕೆಂಪು ಚೂರುಗಳೆಲ್ಲ ಒಂದು ಕಡೆ, ಕಪ್ಪು ಒಂದು ಕಡೆ, ಬೂದು ಬಣ್ಣದ್ದು ನಡುವೆ. ದೊಡ್ಡವು ಹಿಂದೆ, ಸಣ್ಣವು ಮುಂದೆ, ಶಾಲೆಯ ಗ್ರೂಪ್ ಫೋಟೋ ಹಾಗೆ. ಗೆರೆ ಕೊರೆದವುಗಳನ್ನು ಸುತ್ತಲೂ ಅಂಚಿನಂತೆ ಇಟ್ಟಳು. ಚೀಟಿಗಳನ್ನೂ ಎಸೆಯಲಿಲ್ಲ, ಪಾಪ. ಮೂರನ್ನೂ ಒಂದರ ಮೇಲೊಂದು ನೀಟಾಗಿ ಜೋಡಿಸಿ, ಹಾರದಿರಲೆಂದು ಮೇಲೊಂದು ಪೇಪರ್‌ವೇಟ್ ಇಟ್ಟಳು.

ಆಡಿಕೊಂಡು ಬಂದ ಪುಟ್ಟಿ ಮೇಜು ನೋಡಿ ಬಾಯಿ ತೆರೆದಳು. “ಅಮ್ಮಾ... ತಾತಂದಿರೂ ಮೊಮ್ಮಕ್ಕಳೂ ಎಲ್ಲಾ ಒಟ್ಟಿಗೇ ಕೂತುಬಿಟ್ಟಿದ್ದಾರೆ?”

“ಹೂಂ ಕಣೇ. ಒಂದೇ ಮನೆಯವರಲ್ವಾ, ಕೂರಲಿ ಬಿಡು,” ಎಂದು ಅಮ್ಮ ಟ್ರೇ ತೊಳೆಯಲು ಹೋದಳು.

ಮೇಡಂ ಬಂದರು. ಕನ್ನಡಕ ಸರಿಮಾಡಿಕೊಂಡು ಮೇಜಿನ ಮುಂದೆ ನಿಂತರು.

“ಅಬ್ಬಾ! ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದೀರಿ!”

ಅಡುಗೆಮನೆಯಲ್ಲಿ ಸೊಸೆಗೆ ರೆಕ್ಕೆ ಮೂಡಿತು.

“ಈ ಕಪ್ಪು ಚೂರು ಯಾವ ಪದರದ್ದು?”

ಸೊಸೆ ಚಹಾ ಹಿಡಿದು ನಗುನಗುತ್ತ ಹೊರಬಂದಾಗ ಮಾವ ಮೇಜನ್ನು ನೋಡುತ್ತಿರಲಿಲ್ಲ. ಅವಳ ಕೈಯಲ್ಲಿ ಫಳಫಳ ಹೊಳೆಯುತ್ತಿದ್ದ ಟ್ರೇಯನ್ನು ನೋಡುತ್ತಿದ್ದರು. ಡಾಕ್ಟರೂ ಅದನ್ನೇ ನೋಡುತ್ತಿದ್ದರು. ಕುಕ್ಕರಿನ ಕೂಗಿನ ನಡುವೆ ಎಂದೋ ಅರೆಬರೆ ಕಿವಿಗೆ ಬಿದ್ದಿದ್ದ ಪಾಠವೆಲ್ಲ ಆ ಒಂದು ಕ್ಷಣದಲ್ಲಿ ಸೊಸೆಗೆ ಅರ್ಥವಾಗಿಹೋಯಿತು.

“ಮೇಡಂ, ಅದು... ನಾನು...”

“ಒಳಗೆ ಹಾಲು ಉಕ್ತಾ ಇರಬೇಕು, ನೋಡಮ್ಮಾ,” ಎಂದರು ಮಾವ.

ಅವಳು ಒಳಗೆ ಓಡಿದಳು. ಒಲೆಯ ಮೇಲೆ ಹಾಲೂ ಇರಲಿಲ್ಲ, ನೀರೂ ಇರಲಿಲ್ಲ. ಮರಳಿ ಬಾಗಿಲಿಗೆ ಬರುವಷ್ಟರಲ್ಲಿ ಮಾವ ತಲೆ ತಗ್ಗಿಸಿ ಹೇಳುತ್ತಿದ್ದುದು ಕೇಳಿಸಿತು: “ನನ್ನ ಕೈಯಿಂದಲೇ ಬೆರೆತುಹೋಯ್ತು ಮೇಡಂ. ತಪ್ಪಾಯ್ತು.”

ಮೇಡಂ ಒಳ್ಳೆಯವರೇ. ಗದರಲಿಲ್ಲ. ಕಪ್ಪು ಚೂರನ್ನು ಇದ್ದಲ್ಲೇ ಇಟ್ಟು, “ಪದರ ಗೊತ್ತಿಲ್ಲದ ಮೇಲೆ ಇದು ಬರೀ ಬೋಕಿ ಅಲ್ಲವೇ. ಸಮಿತಿಯವರನ್ನು ಕೇಳಿ ತಿಳಿಸುತ್ತೇನೆ,” ಎಂದರು. ಚಹಾ ಅರ್ಧಕ್ಕೇ ಬಿಟ್ಟರು.

ಮಾವ ಬೈದಿದ್ದರೆ ಸೊಸೆ ಬದುಕಿಕೊಳ್ಳುತ್ತಿದ್ದಳು. ಬೈಯಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು.

“ಅಪ್ಪ ಏನಂದ್ರು?” ಎಂದ ಗಂಡ.

“ಏನೂ ಅನ್ನಲಿಲ್ಲ ರೀ.”

“ಹಾಗಾದ್ರೆ ಗ್ರಹಚಾರ ಕೆಟ್ಟಿದೆ.”

ಅಲ್ಲಿಂದ ಅವಳ ಪ್ರಾಯಶ್ಚಿತ್ತ ಪರ್ವ ಆರಂಭವಾಯಿತು. ಮಾವನ ಚಹಾಕ್ಕೆ ಏಲಕ್ಕಿ ಬಿತ್ತು. ಟಿವಿ ರಿಮೋಟು ಕೇಳುವ ಮೊದಲೇ ಅವರ ಕೈ ಸೇರಿತು. ಅಂಗಿಯ ಗುಂಡಿಗಳೆಲ್ಲ ಗಟ್ಟಿಯಾದವು. ಟ್ರೇಗಳನ್ನು ಒರೆಸಿ ಅವರ ಕೋಣೆಯಲ್ಲೇ ಇಟ್ಟು ಬಂದಳು. ಮಧ್ಯಾಹ್ನ ಪುಟ್ಟಿಯನ್ನು ಕೂರಿಸಿಕೊಂಡು ಚೂರುಗಳನ್ನು ಮತ್ತೆ ಬೇರ್ಪಡಿಸಲೂ ನೋಡಿದಳು.

“ಇದು ತಾತಂದು. ನೋಡು, ಎಷ್ಟೊಂದು ಸುಕ್ಕು,” ಎಂದಳು ಪುಟ್ಟಿ. “ಇದು ಮೊಮ್ಮಗೂದು, ಕೆನ್ನೆ ಕೆಂಪಗಿದೆ.” ಹುಡುಗಿ ಬೇಸರವಿಲ್ಲದೆ ವಿಂಗಡಿಸುತ್ತಿದ್ದಳು. ಅಮ್ಮ ಒಂದು ಚೂರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಅದರ ಅಂಚಿನಲ್ಲಿ ಯಾರದೋ ಹೆಬ್ಬೆರಳಿನ ಗುರುತಿತ್ತು. ಯಾವಳೋ ಒಬ್ಬಳು, ಅವಳಿಗೂ ಮಕ್ಕಳು, ಮಾವ, ತೊಳೆಯಬೇಕಾದ ರಾಶಿ ಪಾತ್ರೆ ಇದ್ದಿರಬೇಕು. ಅವಳು ಯಾವ ಕಾಲದವಳೆಂದು ಹೇಳಲು ಇದ್ದದ್ದು ಒಂದು ತುಂಡು ಚೀಟಿ. ಅದನ್ನು ತಾನು ಪೇಪರ್‌ವೇಟಿನಡಿ ಅಲಂಕಾರಕ್ಕಿಟ್ಟೆನಲ್ಲ!

ಹಲ್ಲಿನ ಡಾಕ್ಟರು ಬಂದಾಗ ಅವಳು ತಡೆಯಲಾರದೆ ಹೇಳಿಬಿಟ್ಟಳು. “ಡಾಕ್ಟ್ರೇ, ಬೆರೆಸಿದ್ದು ಮಾವ ಅಲ್ಲ, ನಾನು.”

ಡಾಕ್ಟರು ಫ್ಯಾನು ನೋಡಿದರು, ಚಪ್ಪಲಿ ನೋಡಿದರು. “ನೀವೇನು... ಅಂದ್ರೆ... ಇರಲಿ ಬಿಡಿ. ಹಲ್ಲೆಲ್ಲ ಚೆನ್ನಾಗಿದೆಯಾ?” ಎಂದು ಚಹಾ ಕೂಡ ಕುಡಿಯದೆ ಎದ್ದುಹೋದರು. ‘ಎಷ್ಟು ನೊಂದಿದ್ದಾರೋ,’ ಎಂದುಕೊಂಡಳು ಅವಳು.

ಒಂದು ಸಂಜೆ ಬಡಿಸುತ್ತಿದ್ದಾಗ ಮಾವ “ಸಾಕು” ಎಂದರು. ಅದೇ ಹಳೆಯ “ಸಾಕು”. ಅಷ್ಟೇ, ಅವಳ ಕಟ್ಟೆಯೊಡೆಯಿತು. “ಬೈದುಬಿಡಿ ಮಾವ! ನಾಲ್ಕು ಏಟು ಹಾಕಿದರೂ ಸರಿ! ನಿಮ್ಮ ಸಂಘ ಹಾಳುಮಾಡಿದವಳು ನಾನು, ನನ್ನ ಹಾಳು ಟ್ರೇಗೋಸ್ಕರ...” ಎಂದು ಸೌಟು ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತಳು. ಅದನ್ನು ನೋಡಿ ಪುಟ್ಟಿಯೂ ಅತ್ತಳು. ಮಾವ ಗಲಿಬಿಲಿಗೊಂಡು ಎಂಜಲುಗೈಯಲ್ಲೇ ಎದ್ದು, ಎಡಗೈಯಿಂದ ಅವಳ ತಲೆ ಸವರಿ, “ಹೋಗ್ಲಿ ಬಿಡಮ್ಮಾ, ಹೋಗ್ಲಿ ಬಿಡು,” ಎಂದರು. ಏನೋ ಹೇಳಲು ಬಾಯಿ ತೆರೆದರು. ಹೇಳಲಿಲ್ಲ. ಅವರ ಕಣ್ಣಲ್ಲೂ ನೀರಿತ್ತು.

“ದೇವರಂಥ ಮನುಷ್ಯ ರೀ,” ಎಂದು ಅವಳು ಗಂಡನಿಗೆ ಹೇಳಿದಳು.

“ಯಾರು, ನಮ್ಮಪ್ಪಾನಾ?” ಎಂದು ಅವನು ಪತ್ರಿಕೆ ಕೆಳಗಿಟ್ಟ. ಅಪರೂಪಕ್ಕೆ.

ಕೆಲವು ದಿನಗಳ ಮೇಲೆ, ಅವಳು ಒಗೆದ ಬಟ್ಟೆ ಮಡಚುತ್ತಿದ್ದಾಗ ಮಾವ ಬಂದು ಬಾಗಿಲಲ್ಲಿ ನಿಂತರು. ಒಳಗೂ ಬರಲೊಲ್ಲರು, ಹೊರಗೂ ಹೋಗಲೊಲ್ಲರು.

“ಮೇಡಂ ಫೋನ್ ಮಾಡಿದ್ರಮ್ಮಾ.”

ಅವಳ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು. “ಮುಚ್ಚಿಬಿಟ್ರಾ ಮಾವ?”

“ಇನ್ನೂ ಇಲ್ಲ. ಸಂಘದವರ ಬೇಜವಾಬ್ದಾರಿಯಿಂದ ಬೆರೆತಿದ್ರೆ ಮುಚ್ಚಬೇಕಂತೆ. ಮನೆಯವರು ಯಾರಾದ್ರೂ ತಿಳೀದೆ ಮಾಡಿದ್ರೆ ಅದು ಅಚಾತುರ್ಯ, ಇನ್ನೊಂದು ವರ್ಷ ಅಗೆಯೋಕೆ ಬಿಡ್ತಾರಂತೆ. ಆಮೇಲೆ ಮೇಡಮ್ಮೇ ಕೇಳಿದ್ರು, ‘ಸೊಸೇನ ಕಾಪಾಡೋಕೆ ನಿಮ್ಮ ಮೇಲೆ ಹಾಕ್ಕೊಂಡ್ರಾ?’ ಅಂತ.”

“ನೀವೇನಂದ್ರಿ?”

“ಸುಮ್ಮನಿದ್ದೆ.”

“ಅಯ್ಯೋ, ಯಾಕೆ ಮಾವ! ಹೂಂ ಅನ್ನಬಾರದಿತ್ತಾ? ನಿಜಾನೇ ತಾನೇ?”

ಮಾವ ಬಾಗಿಲಿನ ಬಣ್ಣವನ್ನು ಉಗುರಿನಿಂದ ಕೆರೆಯತೊಡಗಿದರು. “ಪೂರ್ತಿ ನಿಜ ಅಲ್ಲಮ್ಮಾ. ದಿಬ್ಬದಿಂದ ಚೂರು ತಂದ ದಿನ... ಡಾಕ್ಟರ ಸ್ಕೂಟರು ಹಂಪ್ ಹಾರಿಬಿಡ್ತು. ಮೂರು ಚೀಲಾನೂ ಒಡೆದು ಎಲ್ಲಾ ರಸ್ತೆಪಾಲು. ಅಲ್ಲೇ ಕೂತು ಆರಿಸಿ ತುಂಬ್ಕೊಂಡ್ವಿ.”

“ಯಾವುದು ಯಾವ ಪದರ ಅಂತ ಹೇಗೆ ಗೊತ್ತಾಯ್ತು?”

“ಗೊತ್ತೆಲ್ಲಾಯ್ತು? ಡಾಕ್ಟರು, ‘ಕಪ್ಪು ಚೂರೆಲ್ಲ ತಳದ್ದೇ ಸ್ವಾಮಿ, ಹುಳುಕು ಶುರುವಾಗೋದೇ ಬುಡದಿಂದ,’ ಅಂದ್ರು. ನಾನೂ ತಲೆಯಾಡಿಸಿದೆ. ಮೇಡಂ ಹತ್ರ ನನ್ನ ಕೈಯಿಂದ ಆಯ್ತು ಅಂದೆನಲ್ಲ, ಅದು ನಿನ್ನ ಕಾಪಾಡೋಕೆ ಅಲ್ಲ ಕಣಮ್ಮಾ. ನಿಜಾನೇ ಅದು.” ಅವರ ದನಿ ಇಳಿಯಿತು. “ಅಷ್ಟು ಕಾಲ ಮಣ್ಣು ಜೋಪಾನ ಮಾಡಿಕೊಂಡು ಬಂದಿದ್ದನ್ನ, ಒಂದು ಹಂಪ್ ದಾಟಿಸೋಕೆ ನಮ್ಮ ಕೈಲಿ ಆಗಲಿಲ್ಲ ನೋಡು.”

ಸೊಸೆಯ ಕಣ್ಣ ಮುಂದೆ ಏಲಕ್ಕಿ, ರಿಮೋಟು, ಅಂಗಿಯ ಗುಂಡಿ, ಡಾಕ್ಟರ ಚಪ್ಪಲಿ ಎಲ್ಲ ಮೆರವಣಿಗೆ ಹೊರಟವು. ಬೈಯಬೇಕೆಂದು ಬಾಯಿ ತೆರೆದಳು. ಬಾಗಿಲಲ್ಲಿ ನಿಂತ ಮನುಷ್ಯ ಬಣ್ಣ ಕೆರೆಯುತ್ತಲೇ ಇದ್ದರು, ಪರೀಕ್ಷೆಯಲ್ಲಿ ಫೇಲಾಗಿ ಬಂದ ಹುಡುಗನ ಹಾಗೆ.

“ಈಗ ನಾನೇನು ಮಾಡಬೇಕು ಹೇಳಿ,” ಎಂದಳು.

“ನಾಳೆ ಮೇಡಂ ಬರ್ತಾರೆ. ‘ನಾನೇ ಟ್ರೇಯಿಂದ ಸುರಿದೆ’ ಅಂತ ನೀನು ಹೇಳು. ಅದು ಸುಳ್ಳಂತೂ ಅಲ್ಲವಲ್ಲ. ಹಂಪಿನ ವಿಷಯ ಅವರು ಕೇಳೋದೂ ಇಲ್ಲ. ಇನ್ನೊಂದು ವರ್ಷ ಸಿಕ್ಕಿದ್ರೆ ಈ ಸಲ ಚೀಲಾನ ಎದೆಗವುಚಿಕೊಂಡು ನಡ್ಕೊಂಡೇ ಬರ್ತೀನಮ್ಮಾ, ಆಣೆ.” ಮಾವ ಗಂಟಲು ಸರಿಮಾಡಿಕೊಂಡರು. “ಮತ್ತೆ... ಮೊನ್ನೆ ಊಟದ ಹೊತ್ತಲ್ಲಿ ಅತ್ತಿದ್ದೆಯಲ್ಲಾ, ಅವರೆದುರೂ ಒಂದ್ಸಲ ಅಷ್ಟೇ ಚೆನ್ನಾಗಿ ಅತ್ತುಬಿಡ್ತೀಯಾ?”