ಮೂರನೇ ಬೋಗಿಯೂ ಭಾವನ ಮಹಡಿಯೂ

ಕಟಿಂಗ್ ಮಾಸ್ಟರ ಹಣೆಯಲ್ಲಿ ಕೂರುವ ಯೋಗವನ್ನೇ ಬರೆದಿರಲಿಲ್ಲ. ಪಟ್ಟಣದ ಟೈಲರ್ ಅಂಗಡಿಯಲ್ಲಿ ದಿನವಿಡೀ ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸುವುದು ಅವರ ಕೆಲಸ. ಹೋಗುವಾಗ ಬರುವಾಗ ಲೋಕಲ್ ರೈಲಿನಲ್ಲಿ ನಿಲ್ಲುವುದು ಅವರ ಕರ್ಮ. ಊರು ಬೆಳೆದು ನಾಲ್ಕು ಪಟ್ಟಾಗಿತ್ತು. ರೈಲು ಮಾತ್ರ ಅವರ ಮದುವೆಯ ಕಾಲದ ಅದೇ ಎರಡು ಬೋಗಿಗಳನ್ನು ಎಳೆದುಕೊಂಡು ಓಡಾಡುತ್ತಿತ್ತು. ಎಳ್ಳು ಹಾಕಿದರೆ ನೆಲಕ್ಕೆ ಬೀಳದ ಆ ಜಂಗುಳಿಯಲ್ಲಿ ಮಾಸ್ಟರಿಗೆ ಸಿಗುತ್ತಿದ್ದುದು ಒಂದು ಪಾದದಷ್ಟು ಜಾಗ. ಇನ್ನೊಂದು ಪಾದ ಯಾರದೋ ಚಪ್ಪಲಿಯ ಮೇಲೆ ಪರದೇಶಿಯಾಗಿ ನಿಂತಿರುತ್ತಿತ್ತು. (ಹಾಗೆಯೇ ಪರಿಚಯವಾಗಿ, ಆ ಚಪ್ಪಲಿಯ ಒಡೆಯರು ಈಗ ಮಾಸ್ಟರ ಹತ್ತಿರವೇ ಪ್ಯಾಂಟು ಹೊಲಿಸುತ್ತಾರೆ.)

ಮನೆಯಲ್ಲೊಂದು ಬೆತ್ತದ ಕುರ್ಚಿಯಿತ್ತು. ಅದರ ಮೇಲೆ ಮಡಿಸಿದ ಬಟ್ಟೆ, ಬಟ್ಟೆಯ ಮೇಲೆ ದಿಂಬು, ದಿಂಬಿನ ಮೇಲೆ ಇಸ್ತ್ರಿಪೆಟ್ಟಿಗೆ. ಖಾಲಿ ಜಾಗ ಕಂಡರೆ ಮಾಸ್ಟರ ಹೆಂಡತಿಯ ಕೈ ಸುಮ್ಮನಿರುತ್ತಿರಲಿಲ್ಲ. ಮೂರು ಟ್ರಂಕಿನ ಸಾಮಾನನ್ನು ಒಂದೇ ಟ್ರಂಕಿಗೆ ತುಂಬಿ, ಮೇಲೊಂದು ಛತ್ರಿಯನ್ನೂ ಸೇರಿಸಿ ಮುಚ್ಚಳ ಹಾಕಬಲ್ಲ ಮಹಾತಾಯಿ ಆಕೆ. "ಜಾಗ ಅಂತ ಇರಲ್ಲ ಕಣ್ರೀ, ಮಾಡ್ಕೋಬೇಕು" ಎನ್ನುವುದು ಆಕೆಯ ಸಿದ್ಧಾಂತ.

ಒಂದು ಸಂಜೆ ಮಾಸ್ಟರು ಹೊಸ್ತಿಲ ಮೇಲೆ ಕುಕ್ಕರಿಸಿ, ಊದಿದ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿಗೆ ಇಳಿಬಿಟ್ಟಿದ್ದರು.

"ಯಾಕ್ರೀ ಈ ಪಾಡು? ಪಟ್ಟಣದಲ್ಲಿ ನಮ್ಮಣ್ಣನ ಮಹಡಿ ಖಾಲಿ ಇದೆ. ಅಂಗಡಿಗೆ ನಡ್ಕೊಂಡೇ ಹೋಗ್ಬಹುದು" ಎಂದಳು ಹೆಂಡತಿ.

ಮಾಸ್ಟರು ಬಕೆಟ್ಟಿನಿಂದ ಕಾಲು ಎಳೆದುಕೊಂಡರು. ಭಾವನಿಗೆ ತಾನು ಮನೆ ಕಟ್ಟಿಸಿದ ಕಥೆ ಹೇಳುವ ಚಟ. ಪಾಯ ತೆಗೆದಲ್ಲಿಂದ ಶುರುವಾದ ಕಥೆ ಊಟ ಮುಗಿಯುವಷ್ಟರಲ್ಲಿ ಕಿಟಕಿಯ ಮಟ್ಟಕ್ಕೆ ಬರುತ್ತಿತ್ತು. ತಾರಸಿಯವರೆಗೆ ಕೇಳಿದ ಗಂಡುಗಲಿ ಬಂಧುಬಳಗದಲ್ಲಿ ಯಾರೂ ಇರಲಿಲ್ಲ.

"ಸ್ವಲ್ಪ ತಾಳೇ. ಊರಿನೋರೆಲ್ಲ ಸೇರಿ ಅರ್ಜಿ ಕೊಟ್ಟಿದ್ದೀವಿ. ಮೂರನೇ ಬೋಗಿ ಬಂದೇ ಬರುತ್ತೆ."

"ಬಂದ್ರೆ ಇಲ್ಲೇ ಇರೋಣ. ಬರಲಿಲ್ಲ ಅಂದ್ರೆ ಅಣ್ಣನ ಮನೆ. ಮಾತು ಅಂದ್ರೆ ಮಾತು."

"ಆಯ್ತು" ಎಂದರು ಮಾಸ್ಟರು.

ಅರ್ಜಿಯ ಫಲವಾಗಿ ರೈಲ್ವೆಯ ಅಧಿಕಾರಿಯೊಬ್ಬರು ಬರುವುದೆಂದಾಯಿತು. ಹೊಸ ಬೋಗಿಗೆ ದುಡ್ಡು ಸುರಿಯುವ ಮೊದಲು, ಬೆಳಗಿನ ರೈಲಿಗೆ ಹತ್ತಲಾಗದೆ ಪ್ಲಾಟ್‌ಫಾರಂನಲ್ಲಿ ಎಷ್ಟು ಜನ ಉಳಿಯುತ್ತಾರೆಂದು ಅವರು ಕಣ್ಣಾರೆ ನೋಡುತ್ತಾರಂತೆ. ಮಾಸ್ಟರು ಮನೆಮನೆ ಸುತ್ತಿದರು. ಕ್ಷೌರದ ಅಂಗಡಿಯವರು, ಎದುರುಮನೆಯ ನರ್ಸಮ್ಮ, ಡೊಳ್ಳುಹೊಟ್ಟೆಯ ಚಿಕ್ಕಪ್ಪ ಮತ್ತು ಅವರ ಸಮಸ್ತ ಸಂಸಾರ, ಕೊನೆಗೆ ಮನೆಯಲ್ಲಿದ್ದ ತಮ್ಮ ವಯಸ್ಸಾದ ತಾಯಿ, ಯಾರನ್ನೂ ಬಿಡಲಿಲ್ಲ. "ಟಿಕೆಟ್ ತಗೊಂಡು ಬನ್ನಿ. ಹತ್ತೋಕೆ ನೋಡಿ, ಆಗಲಿಲ್ಲ ಅಂತ ಅಲ್ಲೇ ನಿಂತ್ಕೊಳ್ಳಿ, ಅಷ್ಟೇ ಉಪಕಾರ" ಎಂದು ಬೇಡಿಕೊಂಡರು. ಹೆಂಡತಿಗೆ ಮಾತ್ರ, "ನೀನೂ ಬಾ, ಸ್ವಲ್ಪ ಸಹಾಯ ಮಾಡು" ಎಂದಷ್ಟೇ ಹೇಳಿದರು. (ಇನ್ನೆರಡು ಮಾತು ಬಿಡಿಸಿ ಹೇಳಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ.)

ಆ ದಿನ ಬಂತು. ರೈಲೂ ಬಂತು. ಜನ ನುಗ್ಗಿದರು. ಚಿಕ್ಕಪ್ಪನ ಹೊಟ್ಟೆ ಬಾಗಿಲಿಗೆ ಬಿರಡೆಯಾಗಿ ಕೂತಿತು. ಅವರ ಹಿಂದೆ ಊರಿಗೆ ಊರೇ ನಿಂತುಬಿಟ್ಟಿತು. ಕಂಬದ ಪಕ್ಕದಲ್ಲಿ ಅಧಿಕಾರಿ ಹುಬ್ಬೇರಿಸಿದ್ದನ್ನು ಕಂಡು ಮಾಸ್ಟರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಹೆಂಡತಿ ತನ್ನ ಕೈಚೀಲವನ್ನು ಅತ್ತೆಯ ಕೈಗೆ ತುರುಕಿ ಮುಂದೆ ಬಂದಳು.

"ಅಯ್ಯೋ, ಹೀಗಾ ತುಂಬೋದು? ಚಿಕ್ಕಮಾವಾ, ಪಕ್ಕಕ್ಕೆ ತಿರುಗಿ, ಉಸಿರು ಬಿಡಿ... ಬಿಟ್ರಿ ತಾನೇ, ಮತ್ತೆ ಎಳ್ಕೋಬೇಡಿ! ಉದ್ದ ಇರೋರು ನಡುವೆ ಹೋಗಿ, ಗಿಡ್ಡ ಇರೋರು ಅವರ ಕಂಕುಳ ಕೆಳಗೆ. ಚೀಲ ಎಲ್ಲ ಸೀಟಿನ ಅಡಿಗೆ. ರೀ ಸ್ವಾಮಿ, ಆ ಪೇಪರ್ ಮಡಚಿ, ಅಲ್ಲೊಬ್ಬರು ನಿಲ್ಲಬಹುದು!"

ಆ ಗದರಿಕೆಗೆ ಜನ ಬಾಯಿ ಮುಚ್ಚಿಕೊಂಡು ತಿರುಗಿದರು, ಬಗ್ಗಿದರು, ಒಳಗೆ ಸೇರಿದರು.

"ಸಾಕು ಕಣೇ! ಜಾಗ ಇಲ್ಲ!" ಮಾಸ್ಟರು ಕಣ್ಣು ಮಿಟುಕಿಸಿದರು, ಕೈ ಬೀಸಿದರು, ಕೆಮ್ಮಿದರು.

"ಇದೆ ಕಣ್ರೀ! ಗಾಬರಿ ಆಗ್ಬೇಡಿ, ನಿಮಗೂ ಮಾಡ್ತೀನಿ."

ಕೊನೆಗೆ ಪ್ಲಾಟ್‌ಫಾರಂನಲ್ಲಿ ಉಳಿದವರು ಮಾಸ್ಟರೊಬ್ಬರೇ. ಮೂರನೇ ಬೋಗಿಯ ಏಕಮಾತ್ರ ಸಾಕ್ಷಿಯಾಗಿ ಕೈಕಟ್ಟಿ ನಿಂತು, "ನನಗೆ ಹತ್ತೋಕೆ ಆಗ್ತಿಲ್ಲ!" ಎಂದು ಅಧಿಕಾರಿಗೆ ಕೇಳುವಂತೆ ಕೂಗಿದರು. ಹೆಂಡತಿ ಬಾಗಿಲಿನಿಂದ ಬಗ್ಗಿ, ಅವರ ಅಂಗಿಯ ಕಾಲರಿಗೆ ಕೈಹಾಕಿ ಎಳೆದಳು. ಮಾಸ್ಟರೇ ಕತ್ತರಿಸಿ ಹೊಲಿದ ಕಾಲರು, ಹರಿಯಬಾರದೇ, ಹರಿಯಲಿಲ್ಲ.

ಅಧಿಕಾರಿ ಕಿಟಕಿಯ ಬಳಿ ಬಂದರು. "ಯಾರೂ ಉಳಿದಿಲ್ವಲ್ಲ! ಎರಡು ಬೋಗಿ ಧಾರಾಳವಾಯ್ತು."

"ಸಾರ್, ಒಳಗೆ ಉಸಿರಾಡೋಕೂ ಆಗ್ತಿಲ್ಲ!" ಕ್ಷೌರದವರ ಬೆನ್ನಿಗೆ ಮೂಗು ಒತ್ತಿಕೊಂಡಿದ್ದ ಮಾಸ್ಟರು ಒದರಿದರು.

"ಅದಕ್ಕೂ ನನಗೂ ಸಂಬಂಧ ಇಲ್ಲ. ನಾನು ನೋಡೋಕೆ ಬಂದಿದ್ದು ಉಳಿದೋರನ್ನ" ಎಂದು ಅಧಿಕಾರಿ ಹೆಂಡತಿಯ ಕಡೆ ತಿರುಗಿದರು. "ತುಂಬಾ ಚೆನ್ನಾಗಿ ಜೋಡಿಸಿದ್ರಮ್ಮ."

ಆ ಸಂಜೆ ಮಾಸ್ಟರು ಮನೆಯಲ್ಲಿ ಸಿಟ್ಟಿನಿಂದ ಕುಣಿದಾಡಿದರು. "ಜನ ಉಳೀಬೇಕಿತ್ತು ಕಣೇ! ಉಳೀಲಿ ಅಂತಲೇ ಕರೆಸಿದ್ದು!"

"ಸಹಾಯ ಮಾಡು ಅಂದ್ರಿ, ಮಾಡಿದೆ. ಅತ್ತೆ ವಯಸ್ಸಿನೋರು ಬಾಗಿಲಲ್ಲಿ ಒದ್ದಾಡ್ತಿದ್ರೆ ಸುಮ್ನೆ ನೋಡ್ತಾ ನಿಂತಿರೋಕಾಗುತ್ತಾ?"

ಎಷ್ಟೋ ವರ್ಷಗಳಿಂದ ರೈಲ್ವೆಯವರು ಸುಮ್ಮನೆ ನೋಡುತ್ತಲೇ ನಿಂತಿದ್ದಾರೆ ಎಂದುಕೊಂಡರು ಮಾಸ್ಟರು.

ಸಾಮಾನು ಸಾಗಿಸಲು ಬಂದ ಲಾರಿಯ ಡ್ರೈವರು ಮನೆಯನ್ನೊಮ್ಮೆ, ಲಾರಿಯನ್ನೊಮ್ಮೆ ನೋಡಿ, "ಎರಡು ಟ್ರಿಪ್ ಆಗುತ್ತಮ್ಮ" ಎಂದ.

ಮಾಸ್ಟರ ಹೆಂಡತಿ ಅವನನ್ನು ಕನಿಕರದಿಂದ ನೋಡಿದಳು.

ಮಂಚ, ಬೀರು, ಹೊಲಿಗೆಯಂತ್ರ, ಪಾತ್ರೆ ತುಂಬಿದ ಬೆತ್ತದ ಕುರ್ಚಿ, ಎಲ್ಲ ಒಂದೇ ಟ್ರಿಪ್ಪಿಗೆ ಹಿಡಿಸಿದವು. ಡ್ರೈವರನ ಪಕ್ಕ ಅತ್ತೆ, ಅತ್ತೆಯ ಪಕ್ಕ ಸೊಸೆ. ಪಟ್ಟಣದಲ್ಲಿ ಭಾವ ಆಗಲೇ ಗೇಟಿನ ಬಳಿ ಬಂದು ಕಾಯುತ್ತಿದ್ದಾರೆಂದು ಫೋನೂ ಬಂದಿತ್ತು. ಮಾಸ್ಟರು ಲಾರಿಯ ಹಿಂಬದಿ ಹತ್ತಿ, ಬೀರುವಿಗೂ ಮಂಚಕ್ಕೂ ನಡುವೆ ಬಲಗಾಲು ಊರಿದರು.

"ಲೇ, ಈ ಇನ್ನೊಂದು ಕಾಲು ಎಲ್ಲಿಡ್ಲೇ?"

ಹೆಂಡತಿ ಇಳಿದು ಬಂದು ಗಂಡನನ್ನು ಮೇಲಿಂದ ಕೆಳಗೆ ಅಳೆದು ನೋಡಿದಳು. ಕೈಯಲ್ಲಿ ಮಾಸ್ಟರು ಕಾಲು ಇಳಿಬಿಡುತ್ತಿದ್ದ ಬಕೆಟ್ಟಿತ್ತು.

"ಅದನ್ನ ಹಾಗೇ ಎತ್ಕೊಂಡಿರಿ. ಈ ಬಕೆಟ್ಟೊಂದು ಉಳಿದಿತ್ತು, ಆ ಕಾಲಿನ ಕೆಳಗೆ ಸರಿಯಾಗಿ ಕೂರುತ್ತೆ."