ಮುಟ್ಟಿತೇನವಾ?

ಮಕ್ಕಳು ಹೊಟ್ಟೆಗೆ ತಿಂದು ಬೆಳೆಯುತ್ತಾರೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಮಕ್ಕಳನ್ನು ಹಿಡಿದು ಎಳೆದು ಬೆಳೆಸಬೇಕು! ಹೀಗೆಂದು ಮನಸಾರೆ ನಂಬಿದ್ದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದ, ಅವನು ನನ್ನ ಕಾಕಾ. ನಂಬಿಕೊಂಡಿದ್ದರೆ ನಂಬಿಕೊಂಡಿರಲಿ, ನಮ್ಮದೇನು ಗಂಟು ಹೋಗುತ್ತದೆ ಅನ್ನುತ್ತೀರಾ? ಎಳೆಯಲು ಅವನ ಕೈಗೆ ಸಿಕ್ಕ ಕೂಸು ನಾನಾಗಿದ್ದೆ ಸ್ವಾಮಿ! ಇವತ್ತಿಗೂ ನನ್ನ ಬಲಗೈ ಎಡಗೈಗಿಂತ ಅರ್ಧ ಬೆರಳು ಉದ್ದವಿದೆ. ಸ್ವೆಟರ್ ಹೆಣೆದುಕೊಟ್ಟ ಗೆಳತಿಯೊಬ್ಬಳು ನನ್ನ ತೋಳನ್ನು ಮೂರು ಸಲ ಅಳೆದು, ತನ್ನ ಟೇಪನ್ನೇ ಅನುಮಾನದಿಂದ ನೋಡಿದ್ದಳು. ನಾನು ಕಾರಣ ಹೇಳಲಿಲ್ಲ. ಹೇಳಿದರೆ ನಂಬುವವರು ಯಾರು?

ಎಪ್ಪತ್ತರ ದಶಕದ ಮಾತು. ನವಲಗುಂದ ಸೀಮೆಯ ನಮ್ಮ ಹಳ್ಳಿಯಲ್ಲಿ ಹುಟ್ಟಿದ ತಾರೀಖು ಬರೆದಿಡುವ ರೂಢಿ ಇರಲಿಲ್ಲ. ನಾನು ಹತ್ತಿ ಬಿಡಿಸುವಾಗ ಹುಟ್ಟಿದೆ ಎಂದು ಅವ್ವ ಅಂದರೆ, ಅಲ್ಲ, ಕಡಲೆ ಕೀಳುವಾಗ ಎಂದು ಅಜ್ಜಿ. ಯಾವ ವರ್ಷದ ಹತ್ತಿ, ಯಾವ ವರ್ಷದ ಕಡಲೆ ಎಂದು ಕೇಳಿದರೆ ಇಬ್ಬರೂ ಗಪ್‌ಚಿಪ್! ಹಾಗಾಗಿ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ವಯಸ್ಸನ್ನು ಕೇಳುತ್ತಿರಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಆರು ತುಂಬಿದಂತೆ, ಹೆಸರು ಹಚ್ಚುತ್ತಿದ್ದರು. ಮುಟ್ಟದಿದ್ದರೆ ಮನೆಗೆ.

ನನ್ನದು ಮುಟ್ಟಲಿಲ್ಲ. ಮುಟ್ಟುವುದಾದರೂ ಹೇಗೆ? ನಮ್ಮ ಅಜ್ಜನ ರುಮಾಲು ಸುತ್ತುವ ದೊಡ್ಡ ತಲೆ ಯಥಾವತ್ತಾಗಿ ನನಗೆ ಬಂದಿತ್ತು, ಕೈಗಳು ಮಾತ್ರ ಯಾರದೋ ಸಣ್ಣ ಕೂಸಿನವು. ನನ್ನ ಜೊತೆಗೇ ಬಂದಿದ್ದ ಬಾಜೂ ಮನೆಯ ರಜಿಯಾ ಟಕ್ಕನೆ ಕಿವಿ ಮುಟ್ಟಿ ಒಳಗೆ ಹೋದಳು. ಮರುದಿನ ಅವಳು ಪಾಟಿಯನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಯ ಮುಂದೆಯೇ ನಡೆದು ಹೋದಾಗ ನಾನು ಕಂಬ ಹಿಡಿದುಕೊಂಡು ಅತ್ತೆ.

ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ. "ಬರೂ ವರ್ಷ ಮುಟ್ಟಿದ್ರ ಮುಟ್ಟಿತು. ಇಲ್ಲಾಂದ್ರ ಮನ್ಯಾಗ ತಮ್ಮನ್ನ ಆಡಿಸ್ಕೊಂತ ಇರ್ಲಿ. ಹೆಣ್ಣ ಹುಡುಗಿ, ಕಲತು ಏನ್ ಮಾಡೂದೈತಿ?"

ಅಪ್ಪನ ತಮ್ಮನಾದ ಕಾಕಾ ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದವನು ಎದ್ದು ಬಂದ. ನನ್ನ ತಲೆಯನ್ನು ಕಲ್ಲಂಗಡಿ ನೋಡುವವರಂತೆ ಎರಡು ಕಡೆ ತಟ್ಟಿ ನೋಡಿದ. "ಅಣ್ಣಾ, ತಲಿ ಅಗದಿ ಚಲೋ ಐತಿ. ಕೈ ಅಷ್ಟ ಕಡಿಮಿ ಬಿದ್ದೈತಿ. ಕೈ ನನಗ ಬಿಡು" ಎಂದ.

ಕಾಕಾನ ಕೈಯ ಬಗ್ಗೆ ಒಂದು ಮಾತು ಹೇಳಬೇಕು. ಅವನ ಬಲಗೈ ಮೊಣಕೈಯಲ್ಲಿ ಮಡಚಿದ್ದು ಮಡಚಿದಂತೆಯೇ ಇತ್ತು. ಸಣ್ಣವನಿದ್ದಾಗ ಚಕ್ಕಡಿಯಿಂದ ಬಿದ್ದಿದ್ದನಂತೆ. ನಾನು ಕಣ್ಣು ಬಿಟ್ಟಾಗಿನಿಂದ ಹಾಗೆಯೇ ಕಂಡಿದ್ದರಿಂದ, ಕಾಕಾ ಆದವರ ಕೈ ಇರುವುದೇ ಹಾಗೆ ಎಂದುಕೊಂಡಿದ್ದೆ!

ಮರುದಿನದಿಂದಲೇ ಶುರುವಾಯಿತು ನೋಡಿ. ಬೆಳಿಗ್ಗೆ ಎದ್ದ ಕೂಡಲೇ ಎಡಗೈಯಲ್ಲಿ ನನ್ನನ್ನು ಎತ್ತಿ ಹಿತ್ತಲ ಬೇವಿನ ಕೊಂಬೆಗೆ ನೇತು ಹಾಕುತ್ತಿದ್ದ. ಬಲಗೈ ಒಂದೇ! ಮಾಸ್ತರರು ಕೇಳುವುದು ಬಲಗೈ ತಾನೇ, ಎಡಗೈಗೆ ಯಾಕೆ ಸುಮ್ಮನೆ ಶ್ರಮ? ನಾನು ಜೋತಾಡುವಾಗ ಅವನು ಕೆಳಗೆ ನಿಂತು ಎಣಿಸುತ್ತಿದ್ದ. ಅವನಿಗೆ ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು. ಇಪ್ಪತ್ತಾದ ಮೇಲೆ "ಇನ್ನೊಂದ ಇಪ್ಪತ್ತು" ಎಂದು ಮತ್ತೆ ಒಂದರಿಂದ ಶುರು. ಹೀಗೆ ಐದು ಇಪ್ಪತ್ತು ನೇತಾಡಿದರೆ ನೂರಾಗುತ್ತದೆ ಎಂಬುದು ನನಗೆ ಕೊಂಬೆಯ ಮೇಲೆಯೇ ತಿಳಿಯಿತು. ಇಳಿಸಿದ ಮೇಲೆ ಕಿವಿ ಮುಟ್ಟಿಸಿ ನೋಡುತ್ತಿದ್ದ.

"ಮುಟ್ಟಿತೇನವಾ?"

"ಇಲ್ಲ ಕಾಕಾ."

"ಇರ್ಲಿ. ನಾಳೆ ಮುಟ್ಟತೈತಿ."

ಕೈ ಬೆಳೆಯುವುದನ್ನು ಅಳೆಯಲು ಒಂದು ನೂಲಿನ ದಾರ ಇಟ್ಟಿದ್ದ. ನನ್ನ ಭುಜದಿಂದ ನಡುಬೆರಳಿನವರೆಗೆ ಹಿಡಿದು ಕತ್ತರಿಸಿದ ದಾರ. ಪ್ರತಿ ಅಮಾವಾಸ್ಯೆಗೆ ಅದನ್ನು ತೆಗೆದು ಹಿಡಿದು ನೋಡುವುದು. ಶ್ರಾವಣದ ಅಮಾವಾಸ್ಯೆಗೆ ನೋಡುತ್ತಾನೆ, ನನ್ನ ಕೈ ದಾರಕ್ಕಿಂತ ಬರೋಬ್ಬರಿ ಎರಡು ಬೆರಳು ಉದ್ದ! ಕಾಕಾ ಓಣಿಗೆಲ್ಲ ಬೆಲ್ಲ ಹಂಚಿ ಬಂದ. ಕಿವಿ ಮುಟ್ಟಿಸಿದರೆ ಮಾತ್ರ ಮೊದಲಿನಷ್ಟೇ ದೂರ. ಇದೇನು ಮಾಯೆ ಎಂದು ಎಲ್ಲರೂ ತಲೆ ಕೆರೆದುಕೊಳ್ಳುವಾಗ ಅವ್ವ ಒಳಗಿನಿಂದಲೇ ಹೇಳಿದಳು: "ಆ ದಾರ ಸೋರೂ ಮೂಲ್ಯಾಗ ಇಟ್ಟೀಯಲ್ಲೋ ಮಾರಾಯ. ತೊಯ್ದು ಗಿಡ್ಡಾಗೈತಿ!"

ಅಂದಿನಿಂದ ಅವನಿಗೆ ಬೇರೆ ಚಿಂತೆ ಹತ್ತಿತು. ಕೈ ಬೆಳೆಯುವಾಗ ತಲೆಯೂ ಬೆಳೆದರೆ ಏನು ಗತಿ? ತಲೆ ಬೆಳೆಯದಂತೆ ನೋಡಿಕೊಳ್ಳಬೇಕಲ್ಲ! ನಾನು ಸುಮ್ಮನೆ ಕೂತದ್ದು ಕಂಡರೆ ಸಾಕು, ಓಡಿ ಬರುತ್ತಿದ್ದ. "ಏನ್ ವಿಚಾರ ಮಾಡಾಕತ್ತೀಯವಾ? ಭಾಳ ವಿಚಾರ ಮಾಡಬ್ಯಾಡ, ತಲಿ ದೊಡ್ಡದಾಗತೈತಿ!" ಶಾಲೆಗೆ ಹೋಗುವ ತಯಾರಿಗೆ ವಿಚಾರ ಮಾಡುವುದನ್ನೇ ಬಿಡಿಸಿದ ಗುರು ಇನ್ನೆಲ್ಲಾದರೂ ಇದ್ದಾನೆಯೇ?

ವಿಚಾರ ತಪ್ಪಿಸಲು ಕೈಗೆ ಕೆಲಸ ಕೊಡುತ್ತಿದ್ದ. ಹೊಲಕ್ಕೆ ಕರೆದೊಯ್ದು ಹತ್ತಿ ಬಿಡಿಸಲು ಹಚ್ಚಿದ. ಸಂಜೆ ಶೇಂಗಾ ಸುಲಿಯುವುದು, ಅವನು ಹೊಸೆಯುವ ಹಗ್ಗಕ್ಕೆ ನಾರು ಹಿಡಿದು ಕೂಡುವುದು. ಬೆಲ್ಲದ ಚೂರನ್ನು ಗೋಡೆಯ ಗೂಡಿನಲ್ಲಿಟ್ಟು, ಕೈ ನಿಲುಕಿದರೆ ನಿನಗೆ ಎನ್ನುತ್ತಿದ್ದ. ನಿಲುಕಿದ ಮರುದಿನ ಬೆಲ್ಲ ಇನ್ನೊಂದು ಗೂಡು ಮೇಲೇರುತ್ತಿತ್ತು. ಮೋಸ!

ಅಂತೂ ಮತ್ತೆ ಜೂನ್ ಬಂತು. ಹೆಸರು ಹಚ್ಚುವ ಹಿಂದಿನ ದಿನ ನೋಡಿದರೆ ನನ್ನ ಬೆರಳು ಕಿವಿಯ ಅಂಚಿನವರೆಗೆ ಬಂದು, ಒಂದು ಕೂದಲಿನಷ್ಟು ದೂರದಲ್ಲಿ ನಿಂತುಬಿಟ್ಟಿತ್ತು. "ಒಂದ ಕೂದಲಿನಷ್ಟ ಕಡಿಮಿ ಐತಿ ಕಾಕಾ!" ಎಂದೆ. ಆ ಮಾತು ಕೇಳಿದ್ದೇ ತಡ, ಕಾಕಾನ ಮುಖ ಅರಳಿತು. ನನ್ನನ್ನು ಎತ್ತಿಕೊಂಡು ಎಲ್ಲಿಗೋ ಹೋದ. ತಿರುಗಿ ಬಂದಾಗ ನನ್ನ ತಲೆಯ ಮೇಲೆ ಒಂದೂ ಕೂದಲಿರಲಿಲ್ಲ.

"ಹೆಣ್ಣ ಹುಡುಗಿ ತಲಿ ಬೋಳಿಸ್ಕೊಂಡ ಬಂದೀಯಲ್ಲೋ!" ಎಂದು ಅವ್ವ ಹಣೆ ಬಡಿದುಕೊಂಡಳು.

"ಮ್ಯಾಲ ಬೋಳಾದ್ರ ಏನಾತ್ರಿ ವೈನಿ, ಒಳಗ ತುಂಬಿದ್ರ ಸಾಕು" ಎಂದ ಕಾಕಾ.

ಮರುದಿನ ಹೆಡ್‌ಮಾಸ್ತರರು ನನ್ನ ಬೋಳು ತಲೆ ನೋಡಿ ನಕ್ಕು, "ಹೂಂ, ಮುಟ್ಟವಾ" ಎಂದರು. ನಾನು ಉಸಿರು ಬಿಗಿಹಿಡಿದು, ಬೇವಿನ ಕೊಂಬೆಯನ್ನೂ ಮೇಲಿನ ಗೂಡಿನ ಬೆಲ್ಲವನ್ನೂ ನೆನೆದು ಕೈ ಚಾಚಿದೆ. ಕಿವಿ ಸಿಕ್ಕಿತು! ಸಿಕ್ಕ ಕಿವಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಸಾಕು, ಬಿಡವಾ" ಎಂದರು ಮಾಸ್ತರರು.

"ಮೊದಲ ಹೆಸರ ಬರೀರಿ, ಆಮ್ಯಾಲ ಬಿಡತೀನ್ರಿ!"

ಅವರು ಹೆಸರು ಬರೆದು, ಶಾಯಿ ಆರುವವರೆಗೂ ನಾನು ಕಿವಿ ಬಿಡಲಿಲ್ಲ.

ಕಾಕಾ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಹೊರಟ. ಗೆದ್ದ ಸೊಕ್ಕಿನಲ್ಲಿ ನಾನು ಕೇಳಿದೆ: "ಕಾಕಾ, ನೀ ಯಾಕ ಸಾಲಿಗೆ ಹೋಗಲಿಲ್ಲ?"

"ನಂದು ಮುಟ್ಟಲಿಲ್ಲವಾ" ಎಂದ, ನಗುತ್ತಲೇ. "ಈ ಕೈ ಮ್ಯಾಲ ಏಳಬೇಕಲ್ಲ? ಎಡಗೈಲೆ ಮುಟ್ಟಿ ತೋರಿಸಿದೆ. ಎಡಗೈ ನಡಿಯಂಗಿಲ್ಲ ಅಂದ್ರು. ಮೂರು ವರ್ಷ ಹೋಗಿ ನಿಂತೆ. ಆಮ್ಯಾಲ ದನಾ ಕಾಯಾಕ ಹ್ವಾದೆ."

ನಾನು ಹೆಗಲ ಮೇಲಿಂದಲೇ ಬಲಗೈಯನ್ನು ಅವನ ನೆತ್ತಿಯ ಮೇಲೆ ಹಾಯಿಸಿ ಅವನ ಎಡಗಿವಿ ಹಿಡಿದುಕೊಂಡೆ. ಮನೆ ಬರುವವರೆಗೂ ಬಿಡಲಿಲ್ಲ. ಅವನೂ ಬಿಡು ಅನ್ನಲಿಲ್ಲ.

ಬರೆಯುವುದು ತಲೆಯ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಅದು ಮೊದಲು ಭುಜದ ಕೆಲಸ, ಬೆರಳಿನ ಕೆಲಸ. ಹತ್ತಿ ಬಿಡಿಸಿ, ಶೇಂಗಾ ಸುಲಿದು ಪಳಗಿದ್ದ ನನ್ನ ಬೆರಳಿಗೆ ಬಳಪ ಭಾರವೆನಿಸಲೇ ಇಲ್ಲ. ಉಳಿದವರು ಬಳಪ ಮುರಿದುಕೊಂಡು ಅಳುವಾಗ ನಾನು ಅಕ್ಷರ ದುಂಡಗೆ ತೀಡುತ್ತಿದ್ದೆ. ನಾನು ಓದಿದ್ದು, ಶಿಕ್ಷಕಿಯಾದದ್ದು, ಇಷ್ಟು ವರ್ಷ ಮಕ್ಕಳಿಗೆ ಕಲಿಸಿ ಉಂಡದ್ದು, ಎಲ್ಲವೂ ಆ ಮಡಚಿದ ಕೈಯವನ ಪುಣ್ಯ. ಅವನ ಋಣ ನನ್ನ ಮೇಲಿದೆ, ತೀರುವುದೂ ಬೇಡ.

ಆ ವರ್ಷದ ಮಹಾನವಮಿಯ ಹೊತ್ತಿಗೆ ಪಾಟಿಯ ಮೇಲೆ ನಾನು ಮೊದಲ ಬಾರಿಗೆ ಒಂದು ಇಡೀ ಹೆಸರು ಬರೆದೆ. ಅದು ನನ್ನ ಹೆಸರಾಗಿರಲಿಲ್ಲ. ಓಡಿಹೋಗಿ ಹಗ್ಗ ಹೊಸೆಯುತ್ತಿದ್ದ ಕಾಕಾನ ತೊಡೆಯ ಮೇಲೆ ಪಾಟಿ ಇಟ್ಟು, "ಇದು ನಿನ್ನ ಹೆಸರು" ಎಂದೆ. ಅವನು ಬಹಳ ಹೊತ್ತು ನೋಡಿದ. ಅಕ್ಷರ ಅಳಿಸೀತೆಂದು ಪಾಟಿಯ ಅಂಚನ್ನಷ್ಟೇ ಹಿಡಿದಿದ್ದ.

"ಮುಟ್ಟಿತೇನು ಕಾಕಾ?" ಎಂದು ಕೇಳಿದೆ.

"ಮುಟ್ಟಿತವಾ" ಎಂದ.